ವೈದ್ಯ ಪ್ರಾಧ್ಯಾಪಕರ ಪಬ್ಲಿಕೇಶನ್, ಸೈಟೇಶನ್ ಲೆಕ್ಕ ತಪ್ಪಿಲ್ಲದಂಗ ತೆಗೆಯೋದು ಹೆಂಗ: ಸಮಗ್ರ ಮಾರ್ಗದರ್ಶಿ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಮೆಡಿಕಲ್ ಕಾಲೇಜಿನ ಮಂದಿ ಪದೇ ಪದೇ ಒಂದೇ ಜಾಗದಾಗ ಎಡವ್ತಾರ. ಪ್ರಮೋಷನ್ ಫೈಲಿಗೋ, ಪಿಎಚ್‌ಡಿ ಗೈಡ್‌ಶಿಪ್ ಅರ್ಜಿಗೋ, ಪ್ರಶಸ್ತಿ ನಾಮಿನೇಷನ್ನಿಗೋ ಪಬ್ಲಿಕೇಶನ್ ಎಷ್ಟು, ಸೈಟೇಶನ್ (ಬ್ಯಾರೆ ಪೇಪರ್‌ಗಳು ಇದನ್ನ ಉಲ್ಲೇಖಿಸಿದ್ದು) ಎಷ್ಟು, ಎಚ್-ಇಂಡೆಕ್ಸ್ (ಇವೆರಡರಿಂದ ತೆಗೆಯೋ ಅಂಕಿ, ಲೆಕ್ಕ 8ನೇ ಹಂತದಾಗ ಅದ) ಎಷ್ಟು ಅಂತ ಕೇಳಿದ ಕೂಡ್ಲೇ ಗೂಗಲ್ ಸ್ಕಾಲರ್ ತೆಗೆದು ಬಲಗಡೆ ಕಾಣೋ ನಂಬರ್ ನೋಡ್ಕೊಂಡು ಬರೆದು ಕಳಿಸಿಬಿಡ್ತಾರ. ಕಮಿಟಿಯವರು ಸ್ಕೋಪಸ್ (ಆರಿಸಿದ ಜರ್ನಲ್‌ಗಳ ಪೇಪರ್, ಸೈಟೇಶನ್ ಇಡೋ ಡೇಟಾಬೇಸ್) ತೆಗೆದು ನೋಡಿದ್ರ ಅಲ್ಲಿ ಅದರ ಅರ್ಧನೂ ಇರಂಗಿಲ್ಲ, ಫೈಲು ವಾಪಸ್ ಬರ್ತದ. ಯಾರೂ ಸುಳ್ಳು ಹೇಳಿರಂಗಿಲ್ಲ, ಆದ್ರೂ ಸುಳ್ಳು ಹೇಳಿದಂಗ ಕಾಣ್ತದ.

ಪೇಪರ್ ಪಟ್ಟಿ ಪೂರ್ತಿ ಆಗೋದಕ್ಕ ಮುಂಚೆ ಎಣಿಸಾಕ ಕೂಡೋದೇ ಇದಕ್ಕ ಕಾರಣ. ಮೊದಲು ಪಟ್ಟಿ, ಆಮ್ಯಾಲೆ ಪ್ರೊಫೈಲ್ ಸ್ವಚ್ಛ ಮಾಡೋದು, ಆಮ್ಯಾಲೆ ಜರ್ನಲ್ ಪರೀಕ್ಷೆ, ಎಣಿಕೆ ಎಲ್ಲಾದಕ್ಕೂ ಕೊನೀಗೆ. ಈ ಕ್ರಮ ತಪ್ಪಿಸಬ್ಯಾಡ್ರಿ. ನಿಮ್ಮದೇ ಲೆಕ್ಕ ತೆಗೀತಿದ್ರೂ ಅಷ್ಟೇ, ನಿಮ್ಮ ಎಚ್‌ಒಡಿ ಸರ್ ಅಥವಾ ಮೇಡಂ ಅವರದ್ದು ತೆಗೆದುಕೊಡೋ ಕೆಲಸ ನಿಮ್ಮ ತಲೀಮ್ಯಾಲೆ ಬಿದ್ದಿದ್ರೂ ಅಷ್ಟೇ.

ಶುರು ಮಾಡೋ ಮುಂಚೆ ಏನೇನು ಬೇಕು

ಲ್ಯಾಪ್‌ಟಾಪ್ ಬೇಕು. ಮೊಬೈಲ್‌ನಾಗ ಪ್ರೊಫೈಲ್ ತಿದ್ದಾಕ ಹೋದ್ರ ಅರ್ಧ ಬಟನ್ ಕಾಣಂಗಿಲ್ಲ. ಒಂದು ಎಕ್ಸೆಲ್ ಶೀಟ್, ಹಳೇ ಬಯೋಡೇಟಾ ಎಷ್ಟು ಸಿಗ್ತಾವೋ ಅಷ್ಟು, ಪೇಪರ್‌ಗಳ ಪಿಡಿಎಫ್, ಕಾಲೇಜಿನ ಡೊಮೇನ್ ಇರೋ ಈಮೇಲ್. ಜಿಮೇಲ್ ಒಂದೇ ಇದ್ರ ಸ್ಕಾಲರ್ ಪ್ರೊಫೈಲ್ ವೆರಿಫೈ ಆಗಂಗಿಲ್ಲ, ವೆರಿಫೈ ಆಗಲಿಲ್ಲಂದ್ರ ಬ್ಯಾರೆಯವರು ಹುಡುಕಿದಾಗ ಅದು ಸಿಗೋದೂ ಇಲ್ಲ. ಕಾಲೇಜು ಮೇಲ್ ಐಡಿ ಇಲ್ಲದಿದ್ರ ಮೊದಲು ಅದನ್ನ ಮಾಡಿಸ್ರಿ.

ಪಿಡಿಎಫ್ ಇಲ್ಲದ ಪೇಪರ್‌ಗೆ ಲೈಬ್ರರಿಗೆ ಹೋಗ್ರಿ. ಆರ್‌ಜಿಯುಎಚ್‌ಎಸ್ (ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ) ಅಫಿಲಿಯೇಟೆಡ್ ಕಾಲೇಜಿದ್ರ ಅದರ ಡಿಜಿಟಲ್ ಲೈಬ್ರರಿ ಹೆಲಿನೆಟ್ ಮೂಲಕ ಭಾಳ ಜರ್ನಲ್ ತೆಗೀಬಹುದು. ಲೈಬ್ರರಿಯನ್ ಅವರನ್ನ ಕೇಳೋ ಅಭ್ಯಾಸ ನಮ್ಮಲ್ಲಿ ಕಡಿಮಿ ಅದ, ಈ ಕೆಲಸದಾಗ ಡಿಪಾರ್ಟ್‌ಮೆಂಟಿನ ಯಾರಿಗಿಂತನೂ ಅವರಿಗೇ ಹೆಚ್ಚು ಗೊತ್ತಿರ್ತದ.

1. ಹೆಸರಿನ, ಕಾಲೇಜಿನ ಎಲ್ಲಾ ರೂಪ ಬರಕೊಳ್ರಿ

ಇದು ಹೊತ್ತು ಕಳೆಯೋ ಕೆಲಸ ಅಂತ ಬಿಟ್ಟುಬಿಡ್ತಾರ, ಅಲ್ಲೇ ಅರ್ಧ ಪೇಪರ್ ಕಳೀತಾವ. ಬಸವರಾಜ ಅನ್ನೋ ಹೆಸರು ಒಂದು ಪೇಪರ್‌ನಾಗ ಬಸವರಾಜ್ ಎಸ್ ಪಾಟೀಲ್, ಇನ್ನೊಂದರಾಗ ಪಾಟೀಲ್ ಬಿಎಸ್, ಮತ್ತೊಂದರಾಗ ಎಸ್ ಬಸವರಾಜ, ಇಂಗ್ಲಿಷ್ ಸ್ಪೆಲ್ಲಿಂಗ್‌ನಾಗ ವಿ ಇದ್ದಲ್ಲಿ ಡಬ್ಲ್ಯೂ, ಕೊನೀಗೆ ಒಂದು ಎ ಕಡಿಮಿ. ಹೆಣ್ಣುಮಕ್ಕಳ ಹೆಸರು ಮದುವಿ ಆದ ಮ್ಯಾಲೆ ಬದಲಾಗಿದ್ರ ಎರಡೂ ಬೇಕು. ಅಪ್ಪನ ಹೆಸರಿನ, ಊರಿನ ಹೆಸರಿನ ಇನಿಷಿಯಲ್ ಹಿಂದೆ ಮುಂದೆ ಆಗಿರ್ತಾವ, ಅದನ್ನೂ ಬರೀರಿ.

ಕಾಲೇಜಿನ ಹೆಸರು ಇನ್ನೂ ಕಷ್ಟ. ಬಳ್ಳಾರಿಯ ವಿಮ್ಸ್ (ವಿಜಯನಗರ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್) ಈಗ ಬಿಎಂಸಿಆರ್‌ಸಿ (ಬಳ್ಳಾರಿ ಮೆಡಿಕಲ್ ಕಾಲೇಜ್ ಆ್ಯಂಡ್ ರಿಸರ್ಚ್ ಸೆಂಟರ್) ಆಗ್ಯದ, ಅದಕ್ಕೂ ಹಿಂದಿನ ಪೇಪರ್‌ಗಳಾಗ ಗವರ್ನಮೆಂಟ್ ಮೆಡಿಕಲ್ ಕಾಲೇಜ್ ಅಂತ ಅದ. ಊರಿನ ಇಂಗ್ಲಿಷ್ ಸ್ಪೆಲ್ಲಿಂಗೇ 2014ರ ನವೆಂಬರ್‌ನಾಗ ಬದಲಾತು, ಹಂಗಾಗಿ ಹಳೇ ಬೆಳ್ಳಾರಿ ಸ್ಪೆಲ್ಲಿಂಗ್, ಹೊಸ ಬಳ್ಳಾರಿ ಸ್ಪೆಲ್ಲಿಂಗ್ ಎರಡೂ ಹಾಕಿ ಹುಡುಕ್ರಿ. ರಾಯಚೂರಿನವರಿಗೆ ರಿಮ್ಸ್ ಅನ್ನೋ ಹೆಸರಿಂದನೇ ತ್ರಾಸ, ಯಾಕಂದ್ರ ರಾಂಚಿಯಾಗೂ ರಿಮ್ಸ್ ಅದ, ಇಂಫಾಲದಾಗೂ ಅದ, ಕಡಪಾದಾಗೂ ಅದ. ಕೊಪ್ಪಳದ ಕಿಮ್ಸ್‌ಗೆ ಹುಬ್ಬಳ್ಳಿ ಕಿಮ್ಸ್, ಬೆಂಗಳೂರು ಕಿಮ್ಸ್ ಸೇರಿ ಗೊಂದಲ ಆಗ್ತದ. ಊರಿನ ಹೆಸರಿಲ್ಲದೆ ಬರೇ ಶಾರ್ಟ್ ಫಾರ್ಮ್ ಹಾಕಿದ ಪೇಪರ್ ಇದ್ದರ ಅದನ್ನ ಬ್ಯಾರೆ ಬಣ್ಣದಾಗ ಗುರ್ತು ಮಾಡ್ರಿ, ಮುಂದೆ ಅದೇ ಪೇಪರ್ ಬ್ಯಾರೆ ಊರಿನ ಖಾತೆಗೆ ಹೋಗಿ ಕುಂತಿರ್ತದ.

2. ಕೈಯಿಂದ ಒಂದು ಮಾಸ್ಟರ್ ಪಟ್ಟಿ

ಯಾವ ವೆಬ್‌ಸೈಟೂ ತೆಗೀದೆ, ಬಯೋಡೇಟಾ ಮತ್ತ ಪಿಡಿಎಫ್ ಇಟ್ಕೊಂಡು ಶೀಟ್ ತುಂಬ್ರಿ. ಒಂದು ಪೇಪರ್‌ಗೆ ಒಂದು ಸಾಲು. ಪೇಪರ್ ಹೆಸರು ಅಚ್ಚಾದಂಗೇ, ಜರ್ನಲ್ ಪೂರ್ತಿ ಹೆಸರು, ಐಎಸ್‌ಎಸ್‌ಎನ್ (ಜರ್ನಲ್‌ಗೆ ಕೊಡೋ ಗುರುತಿನ ನಂಬರ್), ವರ್ಷ, ಸಂಪುಟ, ಪುಟ, ಡಿಒಐ, ಒಟ್ಟು ಲೇಖಕರು ಎಷ್ಟು, ಅದರಾಗ ಇವರ ಜಾಗ ಎಷ್ಟನೇದು, ಕರೆಸ್ಪಾಂಡಿಂಗ್ (ಜರ್ನಲ್ ಜೊತಿ ಪತ್ರ ವ್ಯವಹಾರ ಮಾಡೋ ಲೇಖಕರು) ಹೌದೋ ಅಲ್ಲೋ, ಮತ್ತ ಪೇಪರ್ ಯಾವ ಥರದ್ದು: ಒರಿಜಿನಲ್ ರಿಸರ್ಚ್, ಕೇಸ್ ರಿಪೋರ್ಟ್, ಕೇಸ್ ಸೀರೀಸ್, ರಿವ್ಯೂ, ಸಂಪಾದಕರಿಗೆ ಪತ್ರ.

ಡಿಒಐ ಅಂದ್ರ ಒಂದೊಂದು ಪೇಪರ್‌ಗೂ ಕೊಡೋ, 10 ಅಂತ ಶುರು ಆಗೋ ಕಾಯಂ ಗುರುತಿನ ನಂಬರ್. ಅದು ಪೇಪರ್‌ನಾಗ ಕಾಣದಿದ್ರ ಡಿಒಐ ನೋಂದಾಯಿಸೋ ಸಂಸ್ಥೆ ಕ್ರಾಸ್‌ರೆಫ್ ಸರ್ಚ್‌ನಾಗ ಪೇಪರ್ ಹೆಸರು ಹಾಕಿ ಹುಡುಕ್ರಿ. ಹಳೇ ಪೇಪರ್‌ಗೆ ಡಿಒಐ ಇಲ್ಲದಿರಬಹುದು, ಅದೇನು ತಪ್ಪಲ್ಲ. ಆದ್ರ ಹೋದ ವರ್ಷ ಬಂದ ಪೇಪರ್‌ನ ಡಿಒಐ ಕ್ಲಿಕ್ ಮಾಡಿದ್ರ ಎಲ್ಲಿಗೂ ಹೋಗಂಗಿಲ್ಲ ಅಂದ್ರ ಜರ್ನಲ್ ಬಗ್ಗೆ ಸಂಶಯ ಪಡ್ರಿ.

ಇಲ್ಲಿ ಆಗೋ ದೊಡ್ಡ ತಪ್ಪು ಕಾನ್ಫರೆನ್ಸ್ ಅಬ್‌ಸ್ಟ್ರಾಕ್ಟ್, ಪೋಸ್ಟರ್, ಪಿಜಿ ಥೀಸಿಸ್ ಎಲ್ಲಾ ಪೇಪರ್ ಲೆಕ್ಕಕ್ಕ ಸೇರಿಸೋದು. ಅವನ್ನ ಬಿಸಾಡಬ್ಯಾಡ್ರಿ, ಬ್ಯಾರೆ ಶೀಟ್‌ನಾಗ ಇಡ್ರಿ. ಥೀಸಿಸ್‌ನಿಂದ ಬಂದ ಪೇಪರ್ ಮತ್ತ ಥೀಸಿಸ್ ಎರಡನ್ನೂ ಎಣಿಸಿದ್ರ ಒಂದೇ ಕೆಲಸ ಎರಡು ಸಲ ಎಣಿಸಿದಂಗಾತು.

3. ಆರ್ಕಿಡ್ ನಂಬರ್

ಆರ್ಕಿಡ್ ಅಂದ್ರ ಸಂಶೋಧಕರಿಗೆ ಕೊಡೋ 16 ಅಕ್ಷರದ ಐಡಿ, 2012ರಿಂದ ಅದ, ರೊಕ್ಕ ಇಲ್ಲ. ಕೊನೀ ಅಕ್ಷರ ಕೆಲವರಿಗೆ ಎಕ್ಸ್ ಬರ್ತದ, ಅದು ಟೈಪಿಂಗ್ ತಪ್ಪಲ್ಲ. ಹೊಸದು ಮಾಡೋ ಮುಂಚೆ ಹಳೇದು ಅದನೋ ನೋಡ್ರಿ, ಪೇಪರ್ ಸಬ್‌ಮಿಟ್ ಮಾಡುವಾಗ ಅವಸರಕ್ಕ ಒಂದು ಮಾಡಿ ಮರೆತಿರ್ತಾರ. ಎರಡು ಇದ್ರ ಡೂಪ್ಲಿಕೇಟ್ ತೆಗೆಯೋ ಆಪ್ಷನ್ ಒಳಗೇ ಅದ, ಒಂದನ್ನ ಇನ್ನೊಂದಕ್ಕ ಕೂಡಿಸ್ರಿ.

ಆಮ್ಯಾಲೆ ಮಾಸ್ಟರ್ ಪಟ್ಟಿಯ ಡಿಒಐ ಒಂದೊಂದಾಗಿ ಹಾಕಿ ಪೇಪರ್ ಸೇರಿಸ್ರಿ. ಹೆಸರಿನ ಎಲ್ಲಾ ರೂಪ "ಇನ್ನೊಂದು ಹೆಸರು" ಅನ್ನೋ ಜಾಗದಾಗ ತುಂಬ್ರಿ. ಕ್ರಾಸ್‌ರೆಫ್‌ಗೆ ಅನುಮತಿ ಕೊಟ್ಟಿದ್ರ ಮುಂದಿನ ಪೇಪರ್‌ಗಳು ಆರ್ಕಿಡ್ ನಂಬರ್ ಹಾಕಿ ಸಬ್‌ಮಿಟ್ ಮಾಡಿದಾಗ ತಾವೇ ಬಂದು ಸೇರ್ಕೊಂತಾವ. ಒಂದು ಮಾತು, ಆರ್ಕಿಡ್ ಸೈಟೇಶನ್ ಎಣಿಸಂಗಿಲ್ಲ. ಇದು ಗುರುತಿಗೆ ಅಷ್ಟೇ.

4. ಪಬ್‌ಮೆಡ್‌ನಾಗ ಹುಡುಕೋದು

ಪಬ್‌ಮೆಡ್ ಅಂದ್ರ ವೈದ್ಯಕೀಯ ಪೇಪರ್ ಹುಡುಕೋ ಪುಕ್ಕಟೆ ಡೇಟಾಬೇಸ್, ನಡೆಸೋದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ (ಎನ್‌ಎಲ್‌ಎಂ). ಅದರಾಗ ಬರೇ "ಪಾಟೀಲ್ ಎಸ್" ಅಂತ ಹಾಕಿದ್ರ ಸಾವಿರಗಟ್ಟಲೆ ಬರ್ತಾವ, ಅದರಾಗ ನಿಮ್ಮ ಪಾಟೀಲ್ರು ಯಾರು ಅಂತ ಯಾರಿಗೂ ಗೊತ್ತಾಗಂಗಿಲ್ಲ. ಸರ್‌ನೇಮ್, ಎರಡು ಇನಿಷಿಯಲ್, ಅದಾದ ಮ್ಯಾಲೆ ಚೌಕ ಬ್ರಾಕೆಟ್‌ನಾಗ ಇಂಗ್ಲಿಷಿನ ಎ ಯು ಹಾಕ್ರಿ, ಇದು ಲೇಖಕರ ಹೆಸರಿಗೆ. ಊರಿನ ಹೆಸರು ಬರೆದು ಅದಾದ ಮ್ಯಾಲೆ ಚೌಕ ಬ್ರಾಕೆಟ್‌ನಾಗ ಎ ಡಿ ಹಾಕ್ರಿ, ಇದು ವಿಳಾಸಕ್ಕ. ಎರಡರ ನಡುವೆ ದೊಡ್ಡಕ್ಷರದಾಗ ಆ್ಯಂಡ್.

ಇಲ್ಲಿ ಭಾಳ ಮಂದಿಗೆ ಗೊತ್ತಿಲ್ಲದ ವಿಷಯ ಒಂದದ. 2014ಕ್ಕ ಮುಂಚಿನ ರೆಕಾರ್ಡ್‌ಗಳಾಗ ಸಾಮಾನ್ಯವಾಗಿ ಮೊದಲ ಲೇಖಕರ ವಿಳಾಸ ಮಾತ್ರ ಇರ್ತದ. ಅಂದ್ರ 2009ರಾಗ ನಿಮ್ಮ ಸರ್ ರಾಯಚೂರಿಂದ ಮೂರನೇ ಲೇಖಕರಾಗಿ ಬರೆದಿದ್ದು, ಮೊದಲ ಲೇಖಕರು ಬೆಂಗಳೂರಿನವರಿದ್ರ, ಊರು ಹಾಕಿ ಹುಡುಕಿದ್ರ ಆ ಪೇಪರ್ ಬರಂಗೇ ಇಲ್ಲ. 2002ಕ್ಕಿಂತ ಹಿಂದಿನವಕ್ಕ ಪೂರ್ತಿ ಹೆಸರೂ ಇರಂಗಿಲ್ಲ, ಸರ್‌ನೇಮ್ ಮತ್ತ ಇನಿಷಿಯಲ್ ಅಷ್ಟೇ. ಹಂಗಾಗಿ ಹಳೇ ಪೇಪರ್‌ಗೆ ಊರು ಬಿಟ್ಟು ಪೇಪರ್ ಹೆಸರಿಂದನೇ ಹುಡುಕ್ರಿ. ಮಾಸ್ಟರ್ ಪಟ್ಟಿ ಮೊದಲು ಮಾಡ್ರಿ ಅಂದಿದ್ದು ಇದಕ್ಕೇ.

ಸಿಕ್ಕ ಪೇಪರ್‌ನ ಪಿಎಂಐಡಿ (ಪಬ್‌ಮೆಡ್ ಕೊಡೋ ಗುರುತಿನ) ನಂಬರ್ ಶೀಟ್‌ಗೆ ಹಾಕ್ರಿ. ಪಬ್‌ಮೆಡ್‌ನಾಗ ಅದ ಅಂದ ಕೂಡ್ಲೇ ಮೆಡ್‌ಲೈನ್‌ನಾಗ ಅದ ಅಂತ ಬರೀಬ್ಯಾಡ್ರಿ. ಮೆಡ್‌ಲೈನ್ ಅನ್ನೋದು ಪಬ್‌ಮೆಡ್ ಒಳಗಿನ ಆರಿಸಿದ ಜರ್ನಲ್‌ಗಳ ಭಾಗ, ಪಬ್‌ಮೆಡ್ ಸೆಂಟ್ರಲ್ ಅನ್ನೋದು ಪೂರ್ತಿ ಪೇಪರ್ ಇಡೋ ಭಂಡಾರ, ಮೂರೂ ಬ್ಯಾರೆ ಬ್ಯಾರೆ. ಜರ್ನಲ್ ಮೆಡ್‌ಲೈನ್‌ನಾಗ ಅದನೋ ಇಲ್ಲೋ ಎನ್‌ಎಲ್‌ಎಂ ಕ್ಯಾಟಲಾಗ್‌ನಾಗ ಜರ್ನಲ್ ಹೆಸರು ಹಾಕಿ ನೋಡಿದ್ರ ಗೊತ್ತಾಗ್ತದ.

5. ಸ್ಕೋಪಸ್ ಪ್ರೊಫೈಲ್ ತಿದ್ದೋದು

ಇಲ್ಲಿ ಸಾವಕಾಶ ಕೆಲಸ ಮಾಡ್ರಿ, ಕಮಿಟಿಗಳು ಹೆಚ್ಚಾಗಿ ನೋಡೋದು ಇದನ್ನೇ. ಸ್ಕೋಪಸ್ ನಡೆಸೋದು ಎಲ್ಸೆವಿಯರ್ ಅನ್ನೋ ಪ್ರಕಾಶನ ಕಂಪನಿ. ಕಾಲೇಜಿಗೆ ಚಂದಾ ಇಲ್ಲದಿದ್ರೂ ಲೇಖಕರ ಹೆಸರು ಹಾಕಿ ಹುಡುಕೋ ಪುಕ್ಕಟೆ ಪುಟ ಅದ, ಪೂರ್ತಿ ಪಟ್ಟಿ ಕಾಣದಿದ್ರೂ ಪೇಪರ್ ಎಷ್ಟು, ಸೈಟೇಶನ್ ಎಷ್ಟು, ಎಚ್-ಇಂಡೆಕ್ಸ್ ಎಷ್ಟು ಅನ್ನೋದು ಕಾಣ್ತದ.

ನಿಮಗ ಪ್ರೊಫೈಲ್ ಮಾಡೋ ಕೆಲಸ ಇಲ್ಲ, ಸ್ಕೋಪಸ್ ತಾನೇ ಮಾಡಿರ್ತದ, ತೊಂದ್ರೆ ಅಲ್ಲೇ ಶುರು. ಒಬ್ಬರದ್ದೇ ಪೇಪರ್ ಮೂರು ಐಡಿಯೊಳಗ ಹಂಚಿ ಹೋಗಿರ್ತಾವ, ಒಂದು ಬಳ್ಳಾರಿಯ ಹಳೇ ಸ್ಪೆಲ್ಲಿಂಗ್‌ನಾಗ, ಒಂದು ಹೊಸದರಾಗ, ಒಂದು ಊರೇ ಇಲ್ಲದೆ. ಇಲ್ಲಾಂದ್ರ ಉಲ್ಟಾ, ಇಬ್ಬರು ಕುಲಕರ್ಣಿಯವರು ಒಂದೇ ಐಡಿಯಾಗ ಕೂಡಿರ್ತಾರ, ಒಬ್ಬರು ಸರ್ಜರಿ, ಇನ್ನೊಬ್ಬರು ಮೆಕ್ಯಾನಿಕಲ್ ಇಂಜಿನಿಯರಿಂಗ್.

ಹೆಸರಿನ ಪ್ರತಿಯೊಂದು ರೂಪನೂ ಹಾಕಿ ಹುಡುಕ್ರಿ, ಸಿಕ್ಕ ಎಲ್ಲಾ ಐಡಿ ಬರಕೊಳ್ರಿ. ಆಮ್ಯಾಲೆ ಆಥರ್ ಫೀಡ್‌ಬ್ಯಾಕ್ ವಿಝಾರ್ಡ್ ತೆಗೆದು ಐಡಿಗಳನ್ನ ಕೂಡಿಸಾಕ ವಿನಂತಿ ಹಾಕ್ರಿ, ನಮ್ಮದಲ್ಲದ ಪೇಪರ್ ತೆಗೆಸ್ರಿ, ಬಿಟ್ಟುಹೋದದ್ದು ಸೇರಿಸ್ರಿ. ಪರರ ಪೇಪರ್ ತೆಗೆಸಿದ್ರ ನಂಬರ್ ಇಳೀತದ ಅಂತ ಬಿಡೋರು ಅದಾರ, ಬಿಡಬ್ಯಾಡ್ರಿ. ಕಮಿಟಿಯಾಗ ಕುಂತವರು ಒಂದು ಪೇಪರ್ ತೆಗೆದು "ಇದು ನಿಮ್ಮದಾ" ಅಂತ ಕೇಳಿದ್ರ ಉಳಿದ ಎಲ್ಲಾ ಪೇಪರ್ ಮ್ಯಾಲಿನ ನಂಬಿಕಿನೂ ಅಲ್ಲೇ ಹೋಗ್ತದ.

ತಿದ್ದುಪಡಿ ಆಗಾಕ ಕೆಲವು ವಾರ ಹಿಡೀತದ. ಅರ್ಜಿ ಕೊನೀ ದಿನದ ಹಿಂದಿನ ಸಂಜಿ ಕುಂತ್ರ ಆಗಂಗಿಲ್ಲ. ವಿನಂತಿ ನಂಬರ್ ಇರೋ ಈಮೇಲ್ ಉಳಿಸ್ಕೊಳ್ರಿ. ತಿದ್ದುಪಡಿ ಮುಗಿದ ಮ್ಯಾಲೆ ಸ್ಕೋಪಸ್ ಐಡಿಯನ್ನ ಆರ್ಕಿಡ್‌ಗೆ ಜೋಡಿಸ್ರಿ.

ಸ್ಕೋಪಸ್‌ನಂಥದ್ದೇ ಇನ್ನೊಂದು ಡೇಟಾಬೇಸ್ ವೆಬ್ ಆಫ್ ಸೈನ್ಸ್‌ಗೂ ಇದೇ ಕ್ರಮ. ಮೊದಲು ಸಂಶೋಧಕರ ಪ್ರೊಫೈಲ್ ಇಡೋ ಪಬ್ಲಾನ್ಸ್ ಅಂತ ಬ್ಯಾರೆ ಸೈಟ್ ಇತ್ತು, 2022ರಾಗ ಅದು ವೆಬ್ ಆಫ್ ಸೈನ್ಸ್ ಒಳಗ ಸೇರ್ತು, ರಿಸರ್ಚರ್ ಐಡಿ ಈಗ ಅಲ್ಲೇ ಸಿಗ್ತದ.

6. ಗೂಗಲ್ ಸ್ಕಾಲರ್ ಕೊನೀಗೆ

ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ (ಜರ್ನಲ್ ಪರಿಶೀಲನೆಗೆ ಮುಂಚೆ ಹಾಕಿದ ಪೇಪರ್), ಪುಸ್ತಕದ ಅಧ್ಯಾಯ, ಯಾವುದೋ ಸೈಟ್‌ನಾಗ ಹಾಕಿದ ಪಿಡಿಎಫ್ ಎಲ್ಲಾದರೊಳಗಿನ ಸೈಟೇಶನ್ ಎಣಿಸ್ತದ. ಹಂಗಾಗಿ ಇಲ್ಲಿನ ನಂಬರ್ ಸಾಮಾನ್ಯವಾಗಿ ದೊಡ್ಡದಿರ್ತದ. ಅದು ಸುಳ್ಳು ಲೆಕ್ಕ ಅಂತಲ್ಲ, ಎಣಿಸೋ ಜಾಗ ದೊಡ್ಡದು.

ಮೊದಲು ಮಾಡೋದು ಸೆಟ್ಟಿಂಗ್. ಹೊಸ ಪೇಪರ್ ತಾನೇ ಸೇರಿಸೋ ಆಪ್ಷನ್ ಬಂದ್ ಮಾಡಿ, ಈಮೇಲ್ ಕಳಿಸಿ ಕೇಳೋ ಆಪ್ಷನ್ ಇಡ್ರಿ. ಇದನ್ನ ಬಿಟ್ರ ಅದೇ ಇನಿಷಿಯಲ್ ಇರೋ ಯಾರದ್ದೋ ಪೇಪರ್ ರಾತ್ರೋರಾತ್ರಿ ನಿಮ್ಮ ಖಾತೆಗೆ ಬಂದಿರ್ತದ. ಆಮ್ಯಾಲೆ ಪಟ್ಟಿನ ಮಾಸ್ಟರ್ ಶೀಟ್ ಜೊತಿ ಸಾಲು ಸಾಲು ಹೋಲಿಸ್ರಿ, ಶೀಟ್‌ನಾಗ ಇಲ್ಲದ್ದು ತೆಗೀರಿ. ಒಂದೇ ಪೇಪರ್ ಎರಡು ಸಲ ಇದ್ರ ಎರಡಕ್ಕೂ ಟಿಕ್ ಹಾಕಿ ಮರ್ಜ್ ಕೊಡ್ರಿ. ಸೈಟೇಶನ್ ಮುಂದೆ ನಕ್ಷತ್ರ ಚಿಹ್ನೆ ಬಂದ್ರ ಕೂಡಿಸಿದ್ದರಾಗ ಬ್ಯಾರೆ ಪೇಪರಿನ ಸೈಟೇಶನ್ ಇರಬಹುದು ಅಂತ ಅದರ ಸೂಚನೆ, ಇನ್ನೊಮ್ಮೆ ತೆಗೆದು ನೋಡ್ರಿ. ಪ್ರೊಫೈಲ್ ಪಬ್ಲಿಕ್ ಮಾಡೋದು ಮರೀಬ್ಯಾಡ್ರಿ.

7. ಜರ್ನಲ್ ಒಂದೊಂದೂ ಪರೀಕ್ಷೆ ಮಾಡ್ರಿ

ಜರ್ನಲ್‌ನ ಸ್ವಂತ ವೆಬ್‌ಸೈಟ್‌ನಾಗ ಬರೆದಿದ್ದನ್ನ ನಂಬಬ್ಯಾಡ್ರಿ. ಸ್ಕೋಪಸ್ ಲೋಗೋ ಯಾರು ಬೇಕಾದ್ರೂ ಅಂಟಿಸಬಹುದು. ಸ್ಕೋಪಸ್ ಸೋರ್ಸ್ ಪಟ್ಟ್ಯಾಗ ಐಎಸ್‌ಎಸ್‌ಎನ್ ಹಾಕ್ರಿ, ಯಾವ ವರ್ಷದಿಂದ ಯಾವ ವರ್ಷದತನ ಸೇರಿಸ್ಕೊಂಡಾರ ಅಂತ ಬರ್ತದ. ಜರ್ನಲ್ 2018ಕ್ಕ ಪಟ್ಟಿಯಿಂದ ಹೋಗಿದ್ದು, ಪೇಪರ್ 2020ರದ್ದಿದ್ರ ಅದು ಸ್ಕೋಪಸ್ ಪೇಪರ್ ಅಲ್ಲ. ಇದೊಂದೇ ಕಾರಣಕ್ಕ ಭಾಳ ಫೈಲು ನಿಂತಾವ.

ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) 2022ರ ಶಿಕ್ಷಕರ ಅರ್ಹತಾ ನಿಯಮದಾಗ ಹೆಸರಿಸಿದ್ದು ಮೆಡ್‌ಲೈನ್, ಪಬ್‌ಮೆಡ್ ಸೆಂಟ್ರಲ್, ಸೈನ್ಸ್ ಸೈಟೇಶನ್ ಇಂಡೆಕ್ಸ್, ಎಂಬೇಸ್, ಸ್ಕೋಪಸ್, ಡಿಒಎಜೆ ಇಂಥ ಇಂಡೆಕ್ಸ್ (ಜರ್ನಲ್ ಪಟ್ಟಿ) ಗಳನ್ನ. ಹಿಂದೆ ಎಂಸಿಐ (ಭಾರತೀಯ ವೈದ್ಯಕೀಯ ಪರಿಷತ್ತು) ಕಾಲದಾಗ ಇಂಡೆಕ್ಸ್ ಕೋಪರ್ನಿಕಸ್ ನಡೀತಿತ್ತು, ಆಮ್ಯಾಲಿನ ಪಟ್ಟ್ಯಾಗ ಅದು ಇಲ್ಲ, ಈಗ್ಲೂ ಅದನ್ನೇ ಬರೆದು ಕಳಿಸೋರು ಅದಾರ. 2025ರಾಗ ಹೊಸ ನಿಯಮ ಬಂದಾವ, ಹಂಗಾಗಿ ಫೈಲ್ ಕಟ್ಟೋ ದಿನ ಜಾರಿಯಾಗಿರೋ ನಿಯಮದ ಪ್ರತಿ ಎನ್‌ಎಂಸಿ ಸೈಟ್‌ನಿಂದ ಇಳಿಸ್ಕೊಂಡು, ಯಾವ ಥರದ ಪೇಪರ್, ಎಷ್ಟನೇ ಲೇಖಕರು ಅನ್ನೋ ಸಾಲು ನೀವೇ ಓದ್ರಿ. ಸೀನಿಯರ್ ಹೇಳಿದ್ದು ಅವರ ಕಾಲದ ನಿಯಮ ಇರಬಹುದು.

ಕೆಂಪು ಸೂಚನೆಗಳು: ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಪೇಪರ್‌ಗೆ ಸರಾಸರಿ ಬರೋ ಸೈಟೇಶನ್) ಮುಂದೆ ಗ್ಲೋಬಲ್, ಸೈಂಟಿಫಿಕ್, ಯೂನಿವರ್ಸಲ್ ಅಂತ ಏನೋ ಒಂದು ಸೇರಿಸಿದ್ದು. ಅಸಲಿ ಜರ್ನಲ್ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡೋದು ವೆಬ್ ಆಫ್ ಸೈನ್ಸ್ ನಡೆಸೋ ಕ್ಲಾರಿವೇಟ್ ಕಂಪನಿ ಒಂದೇ, ಹಿಂದಿನ ಎರಡು ವರ್ಷದ ಪೇಪರ್ ಲೆಕ್ಕದ ಮ್ಯಾಲೆ, ಜೂನ್ ಹೊತ್ತಿಗೆ ಪ್ರತಿ ವರ್ಷ ಬರ್ತದ. ಸ್ಕೋಪಸ್‌ನ ಸೈಟ್‌ಸ್ಕೋರ್ ನಾಕು ವರ್ಷದ ಲೆಕ್ಕ, ಎರಡನ್ನೂ ಒಂದೇ ಕಾಲಮ್‌ನಾಗ ಬರೀಬ್ಯಾಡ್ರಿ. ಮೂರು ದಿನದಾಗ ಆಕ್ಸೆಪ್ಟ್ ಆದ ಪೇಪರ್, ವಾಟ್ಸಾಪ್‌ನಾಗ ಲೇಖಕರ ಜಾಗ ಮಾರೋ ಮೆಸೇಜು, ಇಷ್ಟು ರೊಕ್ಕಕ್ಕ ಇಷ್ಟು ಸೈಟೇಶನ್ ಅನ್ನೋ ಆಫರ್, ಇವು ಬಂದಲ್ಲಿಂದ ದೂರ ಇರ್ರಿ. ನಾಳೆ ಆ ಪೇಪರ್ ರಿಟ್ರ್ಯಾಕ್ಟ್ ಆದ್ರ (ಜರ್ನಲ್ ಅದನ್ನ ವಾಪಸ್ ತಗೊಂಡ್ರ) ಪಬ್‌ಮೆಡ್‌ನಾಗ ಹೆಸರಿನ ಮ್ಯಾಲೆ ಕಾಯಂ ಗುರುತು ಉಳೀತದ, ನಿಮ್ಮ ಜೊತಿ ಹೆಸರು ಹಾಕಿಸ್ಕೊಂಡ ಪಿಜಿ ವಿದ್ಯಾರ್ಥಿಯ ಮ್ಯಾಲೂ.

8. ಈಗ ಎಣಿಸ್ರಿ

ಎಚ್-ಇಂಡೆಕ್ಸ್ ಅನ್ನೋದನ್ನ 2005ರಾಗ ಭೌತಶಾಸ್ತ್ರಜ್ಞ ಹಾರ್ಹೆ ಹಿರ್ಷ್ ತಂದ್ರು. ಹೆಚ್ಚಂದ್ರ ಎಷ್ಟು ಪೇಪರ್‌ಗೆ ತಲಾ ಕನಿಷ್ಠ ಅಷ್ಟು ಸೈಟೇಶನ್ ಬಂದಾವೋ ಅದೇ ಎಚ್-ಇಂಡೆಕ್ಸ್. ಪೇಪರ್‌ಗಳನ್ನ ಸೈಟೇಶನ್ ಹೆಚ್ಚಿದ್ದದ್ದು ಮ್ಯಾಲೆ ಬರಂಗ ಇಳಿಕೆ ಕ್ರಮದಾಗ ಇಡ್ರಿ. 9 ಪೇಪರ್ ಅವ ಅನ್ಕೊಳ್ರಿ: 41, 18, 12, 7, 6, 5, 3, 1, 0. ಐದನೇ ಪೇಪರ್‌ಗೆ 6 ಅದ, ಐದಕ್ಕಿಂತ ಕಡಿಮಿ ಇಲ್ಲ, ಸರಿ. ಆರನೇದಕ್ಕ 5 ಅದ, ಆರು ಆಗಲಿಲ್ಲ. ಹಂಗಾಗಿ ಎಚ್-ಇಂಡೆಕ್ಸ್ 5. ಒಟ್ಟು ಸೈಟೇಶನ್ 93. ಹತ್ತಕ್ಕಿಂತ ಕಡಿಮಿ ಇಲ್ಲದ್ದು ಮೂರು, ಅದು ಐ10-ಇಂಡೆಕ್ಸ್, ಇದು ಗೂಗಲ್ ಸ್ಕಾಲರ್‌ನದ್ದು.

ಇದೇ ಪಟ್ಟ್ಯಾಗ 41 ಇದ್ದದ್ದು 400 ಆದ್ರೂ ಎಚ್-ಇಂಡೆಕ್ಸ್ 5ರಾಗೇ ಇರ್ತದ. ಆದ್ರ ಆರನೇ ಪೇಪರ್‌ಗೆ ಒಂದೇ ಒಂದು ಸೈಟೇಶನ್ ಬಂದ್ರ 6 ಆಗ್ತದ. ಆ ಒಂದು ತಮ್ಮದೇ ಮುಂದಿನ ಪೇಪರ್‌ನಿಂದ ಬಂದಿರಬಹುದು. ಅದಕ್ಕ ಸ್ಕೋಪಸ್‌ನಾಗ ಸ್ವಂತ ಸೈಟೇಶನ್ ಬಿಟ್ಟು ಎಣಿಸೋ ಆಪ್ಷನ್ ಅದ, ಚಂದಾ ಇರೋ ಕಡೆ ಕುಂತು ಎರಡೂ ನಂಬರ್ ತಗೋರಿ. ಸ್ವಂತ ಕೆಲಸ ಮುಂದುವರಿಸೋರು ಹಿಂದಿನದ್ದನ್ನ ಸೈಟ್ ಮಾಡೋದು ಸಹಜ, ಮುಚ್ಚಿಡೋದೇನಿಲ್ಲ. ಎರಡೂ ನಂಬರ್ ಕೊಟ್ಟಾಗ ಕೇಳೋ ಪ್ರಶ್ನಿ ಅಲ್ಲೇ ಮುಗೀತದ.

9. ನಂಬರ್ ಓದೋದು

ಅನಾಟಮಿಯವರನ್ನ ಕಾರ್ಡಿಯಾಲಜಿಯವರ ಜೊತಿ ಹೋಲಿಸಬ್ಯಾಡ್ರಿ. ಒಂದೊಂದು ವಿಭಾಗದಾಗ ಬರೆಯೋ ಮಂದಿ, ಒಂದು ಪೇಪರ್‌ನಾಗ ಹಾಕೋ ರೆಫರೆನ್ಸ್ ಎಲ್ಲಾ ಬ್ಯಾರೆ. ವರ್ಷನೂ ನೋಡ್ರಿ, ಎಚ್-ಇಂಡೆಕ್ಸ್ ಸಾಮಾನ್ಯವಾಗಿ ಇಳಿಯಂಗಿಲ್ಲ, ಹಂಗಾಗಿ ಸರ್ವಿಸ್ ಜಾಸ್ತಿ ಇದ್ದವರದ್ದು ಹೆಚ್ಚಾಗಿ ದೊಡ್ಡದಿರ್ತದ.

ನೂರಾರು ಲೇಖಕರಿರೋ ಜಾಗತಿಕ ಸಮೀಕ್ಷೆ ಪೇಪರ್‌ನಾಗ ಹೆಸರಿದ್ರ ಒಟ್ಟು ಸೈಟೇಶನ್ ಒಮ್ಮೆಲೇ ಸಾವಿರ ದಾಟ್ತದ. ಅಂಥದ್ದು ಇದ್ರ ಅದನ್ನ ಬಿಟ್ಟು ಎಷ್ಟು ಅಂತ ಇನ್ನೊಂದು ಸಾಲು ಬರೀರಿ. ಮೊದಲ ಲೇಖಕರಾಗಿ, ಕರೆಸ್ಪಾಂಡಿಂಗ್ ಆಗಿ ಬರೆದದ್ದು ಎಷ್ಟು ಅನ್ನೋದು ನನ್ನ ಪ್ರಕಾರ ಎಚ್-ಇಂಡೆಕ್ಸ್‌ಗಿಂತ ಹೆಚ್ಚು ಹೇಳ್ತದ.

ಪತ್ರಿಕೆಯಾಗ ವರ್ಷಾ ವರ್ಷಾ ಬರೋ ವಿಶ್ವದ ಮೊದಲ ಶೇ. 2 ವಿಜ್ಞಾನಿಗಳ ಪಟ್ಟಿ ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ಮತ್ತ ಸಂಗಡಿಗರು ಸ್ಕೋಪಸ್ ಡೇಟಾ ಮ್ಯಾಲೆ ಮಾಡೋದು. ಅದರಾಗ ಎರಡು ಪಟ್ಟಿ ಅವ, ಇಡೀ ವೃತ್ತಿ ಜೀವನದ್ದು ಒಂದು, ಒಂದೇ ವರ್ಷದ್ದು ಇನ್ನೊಂದು. ಯಾವುದರಾಗ ಹೆಸರದ ಅಂತ ಬರೀದಿದ್ರ ಓದೋರು ತಪ್ಪು ತಿಳ್ಕೊಂತಾರ.

ಇನ್ನೊಂದು ಮಾತು ಮನಸ್ಸಿನಾಗ ಅದ, ಹೇಳ್ತೀನಿ. ಕೊಪ್ಪಳ, ರಾಯಚೂರು ಜಿಲ್ಲೆಯ ಬೋರ್‌ವೆಲ್ ನೀರಿನ ಫ್ಲೋರೈಡ್, ಹೊಲದಾಗ ಔಷಧಿ ಹೊಡೀವಾಗ ಆಗೋ ಕೀಟನಾಶಕ ವಿಷ, ಸಂಡೂರು ಕಡೆ ಗಣಿ ಧೂಳು, ಇವುಗಳ ಮ್ಯಾಲೆ ಇಲ್ಲಿನ ಡಾಕ್ಟರ್ ಬರೆದ ಪೇಪರ್‌ನ ಲಂಡನ್‌ನವರು ಸೈಟ್ ಮಾಡಂಗಿಲ್ಲ, ಇಲ್ಲಿನ ರೋಗಿಗೆ ಬೇಕಾದದ್ದು ಮಾತ್ರ ಅದೇ ಪೇಪರ್. ಅದರಿಂದ ಜಿಲ್ಲಾ ಆಸ್ಪತ್ರೆಯ ಚಿಕಿತ್ಸೆ ಕ್ರಮ ಬದಲಾಗಿದ್ರ, ಆರೋಗ್ಯ ಇಲಾಖೆ ವರದಿಯಾಗ ಅದನ್ನ ಬಳಸಿದ್ರ ಆ ವರದಿಯ ಪುಟದ ಪ್ರತಿ ಫೈಲ್‌ನಾಗ ಹಚ್ಚ್ರಿ. ಯಾವ ಡೇಟಾಬೇಸೂ ಇದನ್ನ ತಾನಾಗಿ ಎಣಿಸಂಗಿಲ್ಲ, ನೀವೇ ತೋರಿಸಬೇಕು.

10. ಫೈಲ್‌ನಾಗ ಬರೆಯೋ ರೀತಿ

ಬರೇ "ಎಚ್-ಇಂಡೆಕ್ಸ್ 5" ಅಂತ ಬರೀಬ್ಯಾಡ್ರಿ. ಮೂಲ, ತಾರೀಖು, ಐಡಿ ಮೂರೂ ಇರಬೇಕು. ಹಿಂಗ ಬರೀರಿ: ಸ್ಕೋಪಸ್ ಪ್ರಕಾರ ಇಂಥ ತಾರೀಖಿಗೆ ಪೇಪರ್ 9, ಸೈಟೇಶನ್ 93, ಸ್ವಂತದ್ದು ಬಿಟ್ಟು ಇಷ್ಟು, ಎಚ್-ಇಂಡೆಕ್ಸ್ 5, ಲೇಖಕರ ಐಡಿ ಇಷ್ಟು. ಅದರ ಕೆಳಗ ಸ್ಕಾಲರ್‌ನದ್ದು ಬ್ಯಾರೆ ಸಾಲಿನಾಗ. ಎರಡನ್ನೂ ಕೂಡಿಸಬ್ಯಾಡ್ರಿ, ದೊಡ್ಡದನ್ನ ಆರಿಸ್ಕೊಂಡು ಮೂಲದ ಹೆಸರು ಬಿಡಬ್ಯಾಡ್ರಿ.

ಪ್ರತಿ ಪ್ರೊಫೈಲ್‌ನ ಸ್ಕ್ರೀನ್‌ಶಾಟ್ ಅದೇ ದಿನ ತಗೋರಿ, ತಾರೀಖು ಕಾಣಂಗ. ಪ್ರತಿ ಪೇಪರ್‌ನ ಮೊದಲ ಪುಟ, ಇಂಡೆಕ್ಸಿಂಗ್ ತೋರಿಸೋ ಪುಟ ಜೋಡಿ ಮಾಡಿ ಮಾಸ್ಟರ್ ಪಟ್ಟಿಯ ಕ್ರಮ ಸಂಖ್ಯೆನೇ ಮ್ಯಾಲೆ ಬರೀರಿ. ಕಳಿಸೋ ಹಿಂದಿನ ದಿನ ಎಲ್ಲಾ ಪೇಪರ್‌ನ ಪಿಎಂಐಡಿ, ಡಿಒಐ ಇನ್ನೊಮ್ಮೆ ಕ್ಲಿಕ್ ಮಾಡಿ ರಿಟ್ರ್ಯಾಕ್ಷನ್ ಆಗ್ಯದನೋ ನೋಡ್ರಿ, ಆಗಿದ್ರ ಪಟ್ಟಿಯಿಂದ ತೆಗೆದು ಕಾರಣ ಒಂದು ಸಾಲಿನಾಗ ಬರೀರಿ. ಶೀಟ್‌ನ ಒಂದು ಪ್ರತಿ ಲೈಬ್ರರಿಯಾಗೂ ಕೊಟ್ಟಿಡ್ರಿ, ಹೊಸ ಪೇಪರ್ ಅಚ್ಚಾದ ವಾರದಾಗೇ ಅದರಾಗ ಒಂದು ಸಾಲು ಸೇರಿಸ್ಕೊಂತ ಹೋಗ್ರಿ.